ಉರಿಮೂತ್ರದ ಮಾತ್ರೆ ಕೈಕೊಡುವ ಕಾಲ

2008ರ ಜನವರಿಯಲ್ಲಿ ಸ್ವೀಡನ್‌ನ ಆಸ್ಪತ್ರೆಯೊಂದಕ್ಕೆ ಭಾರತ ಮೂಲದ ರೋಗಿಯೊಬ್ಬರು ದಾಖಲಾದರು. ಬಹುಕಾಲದಿಂದ ಸಕ್ಕರೆ ಕಾಯಿಲೆ ಇದ್ದವರು. ಅದಕ್ಕೆ ಕೆಲವೇ ವಾರ ಮೊದಲು ಭಾರತಕ್ಕೆ ಬಂದಿದ್ದಾಗ ದೆಹಲಿಯಲ್ಲಿ ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದು ಮರಳಿದ್ದರು. ಅವರ ಮೂತ್ರದ ಮಾದರಿಯಲ್ಲಿ ಬೆಳೆದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರ್ಬಪೆನೆಮ್‌ಗಳಿಗೂ ಜಗ್ಗಲಿಲ್ಲ. ಕಾರ್ಬಪೆನೆಮ್ ಎಂದರೆ ಬೇರೆ ಔಷಧಗಳು ಸೋತ ಮೇಲೆ ಐಸಿಯುಗಳಲ್ಲಿ ವೈದ್ಯರು ಕೈಗೆತ್ತಿಕೊಳ್ಳುವ ಇಂಜೆಕ್ಷನ್‌ಗಳ ಗುಂಪು. ಅವನ್ನೂ ತುಂಡರಿಸಬಲ್ಲ ಹೊಸ ಕಿಣ್ವವೊಂದು ಆ ಬ್ಯಾಕ್ಟೀರಿಯಾದಲ್ಲಿತ್ತು. 2009ರಲ್ಲಿ ಸಂಶೋಧಕರು ಅದನ್ನು ಎನ್‌ಡಿಎಂ-1 ಎಂದು ಕರೆದರು. ನವದೆಹಲಿಯ ಹೆಸರು ಅದರಲ್ಲಿ ಸೇರಿತೆಂದು ಆಮೇಲೆ ನಮ್ಮ ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಜಗತ್ತನ್ನು ಬೆಚ್ಚಿಬೀಳಿಸಿದ ಆ ಕಿಣ್ವ ಮೊದಲು ಸಿಕ್ಕಿದ್ದು ಮೂತ್ರದ ಸೋಂಕಿನಲ್ಲಿ ಎಂಬುದು ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಉರಿಮೂತ್ರವನ್ನು ನಾವು ದೊಡ್ಡ ಕಾಯಿಲೆ ಎಂದು ಎಣಿಸಿದವರೇ ಅಲ್ಲ. ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು, ಕೊತ್ತಂಬರಿ ಬೀಜದ ಕಷಾಯ ಕುಡಿಯುತ್ತೇವೆ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಮೆಡಿಕಲ್ ಶಾಪಿಗೆ ಹೋಗಿ ಹೇಳುತ್ತೇವೆ, ಅವರು ಒಂದು ಸ್ಟ್ರಿಪ್ ಮಾತ್ರೆ ಕೊಡುತ್ತಾರೆ. ಎರಡು ತಲೆಮಾರು ಹೀಗೇ ನಡೆದುಬಂದಿದೆ, ಏಕೆಂದರೆ ಮಾತ್ರೆ ಕೆಲಸ ಮಾಡುತ್ತಿತ್ತು. ಆ ನೆಮ್ಮದಿಯ ಕಾಲ ಮುಗಿಯುತ್ತಿದೆ. ಆ್ಯಂಟಿಬಯಾಟಿಕ್‌ಗಳು ಸೋಲುವುದೆಂದರೇನು ಎಂಬುದು ಸಾಮಾನ್ಯ ಜನರಿಗೆ ಮೊದಲು ಅನುಭವಕ್ಕೆ ಬರುವುದು ದೂರದ ಐಸಿಯುವಿನಲ್ಲಿ ಅಲ್ಲ, ಮನೆಯ ಬಚ್ಚಲಿನಲ್ಲಿ. ಈ ಮಾತಿಗೆ ಪುರಾವೆಗಳು ಸಾಕಷ್ಟಿವೆ.

ಸೋಂಕು ಹುಟ್ಟುವ ಬಗೆ

ಮೂತ್ರದ ಸೋಂಕಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಬಹುಪಾಲು ಹೊರಗಿನಿಂದ ಬರುವುದಿಲ್ಲ. ಅದು ನಮ್ಮ ಕರುಳಿನಲ್ಲೇ ವಾಸವಾಗಿರುವ ಇ. ಕೋಲಿ. ಸರಳ ಸೋಂಕುಗಳಲ್ಲಿ ನೂರಕ್ಕೆ 75ರಷ್ಟು ಇದರದೇ ಕೆಲಸ. ಉಳಿದವು ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟರೊಕಾಕಸ್ ಮುಂತಾದವುಗಳಿಂದ. ಮಲದ್ವಾರದ ಸುತ್ತಲಿನ ಚರ್ಮದಿಂದ ಮೂತ್ರದ್ವಾರಕ್ಕೆ, ಅಲ್ಲಿಂದ ಮೂತ್ರಕೋಶಕ್ಕೆ ಅದು ಏರುತ್ತದೆ. ಗಂಡಸರಲ್ಲಿ ಈ ದಾರಿ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಬರೀ 4 ಸೆಂಟಿಮೀಟರ್. ಸುಮಾರು ಅರ್ಧದಷ್ಟು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುವುದಕ್ಕೆ ಇದೇ ಮುಖ್ಯ ಕಾರಣ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನಡತೆಗೂ ಶುಚಿತ್ವಕ್ಕೂ ಗಂಟುಹಾಕಿ ಯಾರನ್ನೂ ದೂರಬೇಕಾಗಿಲ್ಲ.

ಮೂತ್ರ ಹರಿಯುತ್ತಲೇ ಬ್ಯಾಕ್ಟೀರಿಯಾವನ್ನು ತೊಳೆದುಹಾಕುತ್ತದೆ, ಅದೇ ದೇಹದ ಮೊದಲ ರಕ್ಷಣೆ. ಆದರೆ ಸೋಂಕು ತರುವ ಇ. ಕೋಲಿಯ ಮೈಮೇಲೆ ಕೂದಲಿನಂಥ ಸೂಕ್ಷ್ಮ ಎಳೆಗಳಿರುತ್ತವೆ. ಅವುಗಳ ತುದಿಯ ಪ್ರೋಟೀನು ಮೂತ್ರಕೋಶದ ಒಳಪದರಕ್ಕೆ ಕಚ್ಚಿಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಾ ಆ ಪದರದ ಜೀವಕೋಶಗಳ ಒಳಕ್ಕೇ ನುಗ್ಗಿ ಗುಂಪುಗಟ್ಟಿ ಕುಳಿತುಕೊಳ್ಳುತ್ತವೆ. ಚಿಕಿತ್ಸೆ ಮುಗಿದ ಮೇಲೂ ಕೆಲವರಿಗೆ ಸೋಂಕು ಮತ್ತೆ ಮತ್ತೆ ಮರುಕಳಿಸಲು ಇದೂ ಒಂದು ಕಾರಣ.

ಸೋಂಕು ಮೂತ್ರಕೋಶದಲ್ಲೇ ಇದ್ದರೆ ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆಯ ನೋವು, ಕದಡಿದ ಮೂತ್ರ, ಕೆಲವೊಮ್ಮೆ ರಕ್ತ. ಅದು ಮೇಲೇರಿ ಮೂತ್ರಪಿಂಡ ತಲುಪಿದರೆ ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ. ಅಲ್ಲಿಂದ ರಕ್ತಕ್ಕೆ ಇಳಿದರೆ ಪ್ರಾಣಾಪಾಯ. ಜಾಗತಿಕ ರೋಗಹೊರೆಯ ಅಧ್ಯಯನದ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಮೂತ್ರದ ಸೋಂಕುಗಳಾದವು, ಸುಮಾರು 2.36 ಲಕ್ಷ ಮಂದಿ ಸತ್ತರು. 40 ಕೋಟಿಯಲ್ಲಿ ಸತ್ತವರು ಇಷ್ಟೇ ಎಂಬುದಕ್ಕೆ ನಾವು ಋಣಿಯಾಗಿರಬೇಕಾದದ್ದು ಬಹುಮಟ್ಟಿಗೆ ಆ್ಯಂಟಿಬಯಾಟಿಕ್‌ಗಳಿಗೆ.

ಒಂದೊಂದಾಗಿ ಸೋತ ಔಷಧಗಳು

ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್, ಆಮೇಲೆ ನಾರ್ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಆಮೇಲೆ ಸೆಫಿಕ್ಸಿಮ್: ಉರಿಮೂತ್ರಕ್ಕೆ ಕೊಟ್ಟ ಮಾತ್ರೆಗಳು ಸರಿಸುಮಾರು ಇದೇ ಸರದಿಯಲ್ಲಿ ಬಂದವು, ಇದೇ ಸರದಿಯಲ್ಲಿ ಮೊಂಡಾದವು. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಿಂದ ಕಲೆಹಾಕಿದ 2020ರ ಅಂಕಿಅಂಶದಲ್ಲಿ, ಇ. ಕೋಲಿಯಿಂದಾದ ಮೂತ್ರದ ಸೋಂಕುಗಳ ಪೈಕಿ ಐದರಲ್ಲಿ ಒಂದು ಈ ಸಾಮಾನ್ಯ ಔಷಧಗಳಿಗೆ ಸರಿಯಾಗಿ ಬಗ್ಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ವರದಿ ಇನ್ನೂ ಗಂಭೀರವಾದದ್ದು. 2023ರಲ್ಲಿ ಪ್ರಯೋಗಾಲಯದಲ್ಲಿ ಖಚಿತವಾದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಜಗತ್ತಿನ ಸರಾಸರಿ ಆರರಲ್ಲಿ ಒಂದು ಔಷಧಕ್ಕೆ ನಿರೋಧಕವಾಗಿತ್ತು. ಭಾರತವಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಅದು ಮೂರರಲ್ಲಿ ಒಂದು.

ನಮ್ಮ ದೇಶದ ಲೆಕ್ಕ ಸಿಗುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಾರ್ಷಿಕ ವರದಿಗಳಲ್ಲಿ. ದೊಡ್ಡ ಆಸ್ಪತ್ರೆಗಳಿಂದ ಬಂದ ಮೂತ್ರ, ರಕ್ತ, ಗಾಯ ಮುಂತಾದ ಎಲ್ಲ ಬಗೆಯ ಮಾದರಿಗಳನ್ನೂ ಅವು ಒಳಗೊಳ್ಳುತ್ತವೆ. ಅಲ್ಲಿಗೆ ಬರುವವರು ಮೊದಲೇ ಹಲವು ಔಷಧ ನುಂಗಿದ, ಕಾಯಿಲೆ ಬಲಿತ ರೋಗಿಗಳು. ಹಾಗಾಗಿ ಊರಿನ ಕ್ಲಿನಿಕ್ಕಿನ ಚಿತ್ರ ಇದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಆದರೆ ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ಎಂಬುದರಲ್ಲಿ ಸಂಶಯವಿಲ್ಲ. 2017ರಲ್ಲಿ ನೂರು ಇ. ಕೋಲಿಗಳಲ್ಲಿ ಸುಮಾರು 81 ಇಮಿಪೆನೆಮ್ ಎಂಬ ಕಾರ್ಬಪೆನೆಮ್‌ಗೆ ಸಾಯುತ್ತಿದ್ದವು. 2023ರ ಹೊತ್ತಿಗೆ ಆ ಸಂಖ್ಯೆ 63ಕ್ಕೆ ಇಳಿದಿತ್ತು. ಕ್ಲೆಬ್ಸಿಯೆಲ್ಲಾದಲ್ಲಿ ಅದು ಸುಮಾರು 58ರಿಂದ 36ಕ್ಕೆ ಕುಸಿಯಿತು. ಆರೇ ವರ್ಷಗಳಲ್ಲಿ ಆದ ಇಳಿತ ಇದು, ಅದೂ ಕೊನೆಯ ಸಾಲಿನ ಔಷಧದ ಕಥೆ. ಮೊದಲ ಸಾಲಿನ ಸಿಪ್ರೊಫ್ಲಾಕ್ಸಾಸಿನ್‌ಗೆ ಆ ಆಸ್ಪತ್ರೆಗಳ ಇ. ಕೋಲಿಗಳಲ್ಲಿ ಬಹುಪಾಲು ಆಗಲೇ ಬಗ್ಗುತ್ತಿರಲಿಲ್ಲ.

ಕಾರ್ಬಪೆನೆಮ್ ಸೋತರೆ ಉಳಿಯುವುದು ಕೊಲಿಸ್ಟಿನ್‌ನಂಥ ಹಳೆಯ ಇಂಜೆಕ್ಷನ್. ಮೂತ್ರಪಿಂಡಕ್ಕೇ ಹಾನಿ ಮಾಡುತ್ತದೆಂದು ವೈದ್ಯರು ಹಿಂದೆ ಬದಿಗಿಟ್ಟಿದ್ದ ಔಷಧವದು. ಅದಕ್ಕೂ ನಿರೋಧ ತರುವ ಜೀನ್ 2015ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಮರುವರ್ಷ ಅಮೆರಿಕದ ರೋಗಿಗಳಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡದ್ದು ಪೆನ್ಸಿಲ್ವೇನಿಯಾದ ಮಹಿಳೆಯೊಬ್ಬರ ಮೂತ್ರದ ಇ. ಕೋಲಿಯಲ್ಲಿ. ಮತ್ತೆ ಮೂತ್ರ, ಮತ್ತೆ ಇ. ಕೋಲಿ.

ಕರುಳಿನೊಳಗಿನ ಕೊಡುಕೊಳ್ಳುವಿಕೆ

ಸ್ವೀಡನ್‌ನ ಆ ರೋಗಿಯ ಮಲವನ್ನು ಪರೀಕ್ಷಿಸಿದಾಗ ಅಲ್ಲಿನ ಇ. ಕೋಲಿಯಲ್ಲೂ ಅದೇ ಎನ್‌ಡಿಎಂ-1 ಇತ್ತು. ಬೇರೆ ಜಾತಿಯ ಬ್ಯಾಕ್ಟೀರಿಯಾ, ಆದರೂ ಅದೇ ಜೀನ್. ಬ್ಯಾಕ್ಟೀರಿಯಾಗಳಲ್ಲಿ ಮುಖ್ಯ ವರ್ಣತಂತುವಿನ ಜೊತೆಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಿರುತ್ತವೆ. ನೆರೆಮನೆಯವರು ಹೆಪ್ಪಿಗೆಂದು ಒಂದು ಚಮಚ ಮೊಸರು ಕೊಟ್ಟಂತೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಪ್ಲಾಸ್ಮಿಡ್‌ನ ಪ್ರತಿಯನ್ನು ದಾಟಿಸುತ್ತದೆ. ಕೊಟ್ಟವರಲ್ಲೂ ಉಳಿಯುತ್ತದೆ, ಪಡೆದವರಲ್ಲೂ ಬೆಳೆಯುತ್ತದೆ. ಒಂದೇ ಪ್ಲಾಸ್ಮಿಡ್‌ನಲ್ಲಿ ನಾಲ್ಕೈದು ಬಗೆಯ ಔಷಧಗಳಿಗೆ ನಿರೋಧ ತರುವ ಜೀನ್‌ಗಳು ಒಟ್ಟಿಗೆ ಇರಬಹುದು.

ನೆಗಡಿ, ಗಂಟಲು ನೋವು, ಭೇದಿ ಎಂದು ನುಂಗಿದ ಆ್ಯಂಟಿಬಯಾಟಿಕ್ ಗಂಟಲಿಗಷ್ಟೇ ಹೋಗಿ ನಿಲ್ಲುವುದಿಲ್ಲ, ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಗಳ ಮೇಲೂ ಬೀಳುತ್ತದೆ. ಅಲ್ಲಿ ಮೆತ್ತಗಿದ್ದವು ಸತ್ತು, ಗಟ್ಟಿಯಾದವು ಉಳಿದು, ಖಾಲಿಯಾದ ಜಾಗವನ್ನೆಲ್ಲ ಹಬ್ಬುತ್ತವೆ. ಮುಂದೆ ಯಾವತ್ತೋ ಮೂತ್ರಕೋಶಕ್ಕೆ ಏರುವುದು ಇದೇ ಉಳಿದ ಸಂತತಿ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯೊಂದು ಇದನ್ನು ಅಳೆದು ತೋರಿಸಿತು. ಕುಟುಂಬ ವೈದ್ಯರಿಂದ ಆ್ಯಂಟಿಬಯಾಟಿಕ್ ಪಡೆದವರ ಮೂತ್ರದ ಬ್ಯಾಕ್ಟೀರಿಯಾದಲ್ಲಿ ನಿರೋಧ ಕಾಣುವ ಸಾಧ್ಯತೆ ಮುಂದಿನ ಎರಡು ತಿಂಗಳಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು, ಅದರ ಪರಿಣಾಮ ಹನ್ನೆರಡು ತಿಂಗಳವರೆಗೂ ಉಳಿದಿತ್ತು. ವೈರಸ್‌ನಿಂದ ಬಂದ ನೆಗಡಿಗೆ ಇವತ್ತು ಸುಮ್ಮನೆ ನುಂಗಿದ ಮಾತ್ರೆ ಮುಂದಿನ ಉರಿಮೂತ್ರಕ್ಕೆ ಮಾತ್ರೆ ಇಲ್ಲದಂತೆ ಮಾಡಬಹುದು.

ಇದು ಒಬ್ಬೊಬ್ಬರ ಕರುಳಿನಲ್ಲೇ ಮುಗಿಯುವ ಕಥೆಯೂ ಅಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ಬೀದಿಯಲ್ಲಿ ನಿಂತ, ಹರಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. 2007ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ, ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಶುದ್ಧೀಕರಿಸಿ ಹೊರಬಿಡುವ ಘಟಕದ ಹರಿವಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದದ್ದನ್ನು ವಿಜ್ಞಾನಿಗಳು ವರದಿ ಮಾಡಿದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚಿನ ಪ್ರಮಾಣವದು. ಕೋಳಿ ಫಾರಂಗಳಲ್ಲಿ ಬೆಳವಣಿಗೆಗೆಂದು ಬಳಸುತ್ತಿದ್ದ ಕೊಲಿಸ್ಟಿನ್ ಅನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರ ಜುಲೈನಲ್ಲಿ. ಆಸ್ಪತ್ರೆ, ಚರಂಡಿ, ಕಾರ್ಖಾನೆ, ಕೋಳಿ ಫಾರಂ ಎಲ್ಲ ಕಡೆಯೂ ಒಂದೇ ಪಾಠ ಕಲಿತ ಬ್ಯಾಕ್ಟೀರಿಯಾ ಕೊನೆಗೆ ನಮ್ಮ ನೀರು, ಕೈ, ಊಟದ ಮೂಲಕ ಕರುಳಿಗೇ ಬರುತ್ತದೆ.

ಮೊದಲು ಪೆಟ್ಟು ಬೀಳುವುದು ಯಾರಿಗೆ

ಗರ್ಭಿಣಿಯರಿಗೆ. ಬಸಿರಿನಲ್ಲಿ ಮೂತ್ರದ ಹರಿವು ನಿಧಾನವಾಗುತ್ತದೆ. ಉರಿ, ನೋವು ಏನೂ ಇಲ್ಲದೆಯೇ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದಿರಬಹುದು. ಅದನ್ನು ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಏರುವ ಅಪಾಯ ಹೆಚ್ಚು, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆಯೂ ಇದೆ. ಗರ್ಭಿಣಿಗೆ ಕೊಡಬಹುದಾದ ಸುರಕ್ಷಿತ ಔಷಧಗಳ ಪಟ್ಟಿ ಮೊದಲೇ ಚಿಕ್ಕದು. ಅದರಲ್ಲಿ ಒಂದೊಂದು ಹೆಸರು ಅಳಿದಂತೆ ತಾಯಿ ಮಗು ಇಬ್ಬರೂ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಬೆಂಬಲದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹತೋಟಿ ತಪ್ಪಿದ ಸಕ್ಕರೆ ದೇಹದ ರಕ್ಷಣೆಯನ್ನು ಕುಗ್ಗಿಸುತ್ತದೆ, ಮೂತ್ರಕೋಶದ ನರಗಳನ್ನು ಮಂದಗೊಳಿಸಿ ಮೂತ್ರ ಪೂರ್ತಿ ಖಾಲಿಯಾಗದಂತೆ ಮಾಡುತ್ತದೆ. ಔಷಧ ಸೋಲುವ ಕಾಲವೂ ಮಧುಮೇಹ ಹೆಚ್ಚುವ ಕಾಲವೂ ಒಂದೇ ಆಗಿರುವುದು ನಮ್ಮ ದೇಶದ ದುರ್ದೈವ.

ಮುಟ್ಟು ನಿಂತ ಹೆಂಗಸರಿಗೆ, ಪ್ರಾಸ್ಟೇಟ್ ಊದಿಕೊಂಡ ಹಿರಿಯರಿಗೆ, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ಮೂತ್ರದ ಪೈಪು ಹಾಕಿಸಿಕೊಂಡು ಮಲಗಿದವರಿಗೆ. ಈ ಪೈಪು, ಅಂದರೆ ಕ್ಯಾಥೆಟರ್, ಒಳಗಿದ್ದ ಪ್ರತಿ ದಿನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಅಪಾಯ ನೂರಕ್ಕೆ 3ರಿಂದ 7ರಷ್ಟು ಕೂಡುತ್ತಾ ಹೋಗುತ್ತದೆ. ಸೊಂಟ ಮುರಿದ ಅಜ್ಜಿಯ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿ, ಆಮೇಲೆ ಮೂತ್ರದ ಸೋಂಕು ರಕ್ತಕ್ಕೇರಿ ಪ್ರಾಣ ಹೋಗುವುದು ಹೀಗೆ.

ಇವರೆಲ್ಲರಿಗೂ ಬರಲಿರುವ ಬದಲಾವಣೆ ಒಂದೇ. ಹಿಂದೆ ಐದು ದಿನದ ಮಾತ್ರೆಯಲ್ಲಿ ಮನೆಯಲ್ಲೇ ಮುಗಿಯುತ್ತಿದ್ದ ಕಾಯಿಲೆಗೆ ಆಸ್ಪತ್ರೆ ಸೇರಿ, ನರಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ದಿನಗೂಲಿಯ ಮನೆಯಲ್ಲಿ ಇದರ ಅರ್ಥ ರೋಗಿಯ ಕೂಲಿಯೂ ಹೋಯಿತು, ಜೊತೆಗಿದ್ದವರ ಕೂಲಿಯೂ ಹೋಯಿತು, ಮೇಲೆ ಸಾಲ.

ಮುಂದಿನ ಇಪ್ಪತ್ತೈದು ವರ್ಷ

2019ರಲ್ಲಿ ಔಷಧ ನಿರೋಧಕ ಸೋಂಕುಗಳೇ ನೇರ ಕಾರಣವಾಗಿ ಭಾರತದಲ್ಲಿ ಸತ್ತವರು ಸುಮಾರು 2.97 ಲಕ್ಷ ಎಂದು ಅಂದಾಜಿಸಲಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನ ಮುಂದಿನದನ್ನೂ ಲೆಕ್ಕ ಹಾಕಿತು. ಈಗಿನಂತೆಯೇ ನಡೆದರೆ 2025ರಿಂದ 2050ರೊಳಗೆ ಜಗತ್ತಿನಲ್ಲಿ 3.9 ಕೋಟಿ ಜನ ಔಷಧ ನಿರೋಧದಿಂದಲೇ ಸಾಯುತ್ತಾರೆ. ಅದರಲ್ಲಿ 1.18 ಕೋಟಿ ಸಾವುಗಳು ದಕ್ಷಿಣ ಏಷ್ಯಾದಲ್ಲಿ, ಬೇರೆ ಯಾವ ವಲಯಕ್ಕಿಂತಲೂ ಹೆಚ್ಚು. ಮೂತ್ರ, ಶ್ವಾಸಕೋಶ, ರಕ್ತ ಎಲ್ಲ ಬಗೆಯ ಸೋಂಕುಗಳೂ ಸೇರಿದ ಲೆಕ್ಕವಿದು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಸೋಂಕಿನ ಚಿಕಿತ್ಸೆಯ ಗುಣಮಟ್ಟ ಸುಧಾರಿಸಿ, ಸರಿಯಾದ ಔಷಧ ಸರಿಯಾದವರಿಗೆ ಸಿಗುವಂತಾದರೆ ಅದೇ ಅವಧಿಯಲ್ಲಿ 9.2 ಕೋಟಿ ಜೀವ ಉಳಿಸಬಹುದು.

ಹೊಸ ಔಷಧ ಬರುತ್ತಿಲ್ಲವೇ? ಬರುತ್ತಿದೆ. ಚೆನ್ನೈನ ಆರ್ಕಿಡ್ ಕಂಪನಿಯ ಶೋಧವಾದ ಎನ್‌ಮೆಟಜೋಬ್ಯಾಕ್ಟಮ್ ಇರುವ ಇಂಜೆಕ್ಷನ್‌ಗೆ ತೊಡಕಿನ ಮೂತ್ರದ ಸೋಂಕಿಗೆಂದು 2024ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. 2025ರ ಮಾರ್ಚ್‌ನಲ್ಲಿ ಜೆಪೊಟಿಡಾಸಿನ್ ಎಂಬ ಮಾತ್ರೆಗೆ ಅಲ್ಲಿಯೇ ಅನುಮತಿ ದೊರೆಯಿತು. ಸರಳ ಮೂತ್ರದ ಸೋಂಕಿಗೆ ಹೊಸ ವರ್ಗದ ಮಾತ್ರೆಯೊಂದು ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಬ್ಯಾಕ್ಟೀರಿಯಾಗೆ ಅನುಕೂಲ ಸಿಕ್ಕಿದರೆ ಒಂದು ಎರಡಾಗಲು ಇಪ್ಪತ್ತು ನಿಮಿಷ ಸಾಕು. ಬಳಸುವ ರೀತಿ ಬದಲಾಗದಿದ್ದರೆ ಹೊಸ ಮಾತ್ರೆಯೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಇನ್ನೂ ತೆರೆದಿರುವ ದಾರಿ

ಹಳೆಯ ಔಷಧಗಳಲ್ಲಿ ಎರಡು ಇನ್ನೂ ನಮ್ಮ ಕಡೆಗಿವೆ. 1950ರ ದಶಕದ ನೈಟ್ರೊಫ್ಯುರಾಂಟಾಯಿನ್ ಮತ್ತು ಪುಡಿಯ ರೂಪದಲ್ಲಿ ಒಂದೇ ಸಲ ಕುಡಿಯುವ ಫಾಸ್ಫೊಮೈಸಿನ್ ಮೂತ್ರಕೋಶದ ಸೋಂಕು ತರುವ ಇ. ಕೋಲಿಯ ಮೇಲೆ ಭಾರತದಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಆದರೆ ಇವಕ್ಕೂ ಮಿತಿಯಿದೆ. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಮಾತ್ರ ಸಾಕಷ್ಟು ಸೇರುತ್ತದೆ, ಹಾಗಾಗಿ ಮೂತ್ರಪಿಂಡದ ಸೋಂಕಿಗೆ ಅದು ಆಗದು. ಕಿಡ್ನಿ ದುರ್ಬಲವಾದವರಿಗೂ, ಹೆರಿಗೆಯ ದಿನ ಹತ್ತಿರವಾದವರಿಗೂ ಹೊಂದದು. ಪ್ರೋಟಿಯಸ್ ಅದಕ್ಕೆ ಮೊದಲಿನಿಂದಲೂ ಬಗ್ಗುವುದಿಲ್ಲ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಪಕ್ಕದ ಮನೆಯವರ ಉಳಿದ ಸ್ಟ್ರಿಪ್ ಅದನ್ನು ತೀರ್ಮಾನಿಸಬಾರದು. ಅಂಗಡಿಯಲ್ಲಿ ಕೊಡುವ ಸಿಟ್ರೇಟ್ ಸಿರಪ್ ಉರಿಯನ್ನು ಸ್ವಲ್ಪ ತಗ್ಗಿಸಬಹುದು, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ.

ಪದೇ ಪದೇ ಸೋಂಕು ಬರುವವರು, ಗರ್ಭಿಣಿಯರು, ಗಂಡಸರು, ಮಕ್ಕಳು, ಜ್ವರ ಬಂದವರು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿಯೇ ತೀರಬೇಕು. ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಕ್ಕೆ ಸಾಯುತ್ತದೆ ಎಂಬುದನ್ನು ಅದು ಎರಡು ಮೂರು ದಿನಗಳಲ್ಲಿ ಹೇಳುತ್ತದೆ. ಮಾದರಿಯನ್ನು ಮೊದಲ ಮಾತ್ರೆ ನುಂಗುವ ಮುನ್ನವೇ ಕೊಡಬೇಕು. ಶುಚಿ ಮಾಡಿಕೊಂಡು, ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಹಿಡಿದು, ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಹಸುಗೂಸಿಗೆ ಕಾರಣ ತಿಳಿಯದ ಜ್ವರ ಬಂದರೆ ಮೂತ್ರ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಕಷಾಯ ಕುಡಿದು ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನೊಂದು ಕಡೆ, ಉರಿಯೂ ಇಲ್ಲ ಜ್ವರವೂ ಇಲ್ಲದ ಹಿರಿಯರ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಮಾತ್ರೆಗೆ ಒತ್ತಾಯಿಸಬೇಡಿ. ಬಸಿರು ಮತ್ತು ಮೂತ್ರಾಂಗದ ಕೆಲವು ಶಸ್ತ್ರಚಿಕಿತ್ಸೆಗಳನ್ನು ಬಿಟ್ಟರೆ ಅಂಥವರಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ತಡೆಯುವ ದಾರಿಗಳಲ್ಲಿ ಅತ್ಯಂತ ಅಗ್ಗದ್ದು ನೀರು. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಕುಡಿಯುತ್ತಿದ್ದ, ಮರುಕಳಿಸುವ ಸೋಂಕಿನ 140 ಹೆಂಗಸರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ದಿನಾ ಇನ್ನೂ ಒಂದೂವರೆ ಲೀಟರ್ ನೀರು ಕುಡಿಯಲು ಹೇಳಲಾಯಿತು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಹೆಚ್ಚು ನೀರು ಕುಡಿಯದವರಿಗೆ 3.2 ಸಲ. ಆ್ಯಂಟಿಬಯಾಟಿಕ್ ಬಳಕೆಯೂ ಅದೇ ಪ್ರಮಾಣದಲ್ಲಿ ಇಳಿಯಿತು.

ಆದರೆ ನೀರು ಕುಡಿ ಎಂದು ಹೇಳುವ ಮೊದಲು ಶೌಚಾಲಯ ಎಲ್ಲಿದೆ ಎಂದು ಕೇಳಬೇಕು. ನಮ್ಮ ಬಸ್ಸುಗಳ ಮಹಿಳಾ ಕಂಡಕ್ಟರ್‌ಗಳು, ಬಂದೋಬಸ್ತಿನ ಮಹಿಳಾ ಪೊಲೀಸರು, ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳು, ಕಬ್ಬು ಕಡಿಯಲು ಊರು ಬಿಟ್ಟು ಹೋದವರು, ಶೌಚಾಲಯಕ್ಕೆ ಬೀಗ ಬಿದ್ದ ಶಾಲೆಯ ಹುಡುಗಿಯರು ಬಾಯಾರಿದರೂ ನೀರು ಕುಡಿಯದೆ ದಿನ ಕಳೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಸ್ ನಿಲ್ದಾಣದಲ್ಲಿ ನೀರಿರುವ, ಬಾಗಿಲು ಮುಚ್ಚುವ, ದುಡ್ಡು ಕೇಳದ ಶೌಚಾಲಯ ಕಟ್ಟಿಸುವುದು ಔಷಧಗಳನ್ನು ಉಳಿಸುವ ಕೆಲಸವೇ. ಆರೋಗ್ಯ ಇಲಾಖೆ ಅದನ್ನು ತನ್ನ ಹೊಣೆಯೆಂದೇ ಭಾವಿಸಬೇಕು.

ಕಾನೂನಿಗೇನೂ ಕೊರತೆಯಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್-1ರ ಪ್ರಕಾರ ಸೆಫಿಕ್ಸಿಮ್‌ನಂಥ ಔಷಧಗಳನ್ನು ಚೀಟಿ ಇಲ್ಲದೆ ಕೊಡುವಂತಿಲ್ಲ. ರೋಗಿಯ, ವೈದ್ಯರ ವಿವರಗಳನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಚೀಟಿ ಬೇಕಾದ ಮಾತ್ರೆಗಳ ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ಆರಂಭಿಸಿತು, 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯೂ ಬಂತು. ಕೊರತೆ ಇರುವುದು ಜಾರಿಯಲ್ಲಿ, ಪರೀಕ್ಷೆಯ ಅನುಕೂಲದಲ್ಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಮೂತ್ರದ ಕಲ್ಚರ್ ಉಚಿತವಾಗಿ ಸಿಗಬೇಕು. ಆಯಾ ಜಿಲ್ಲೆಯಲ್ಲಿ ಯಾವ ಔಷಧ ಕೆಲಸ ಮಾಡುತ್ತಿದೆ, ಯಾವುದು ಸೋತಿದೆ ಎಂಬ ಪಟ್ಟಿ ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿಗೆ ಬರಬೇಕು. ತಾಯಿ ಕಾರ್ಡ್ ಇರುವ ಪ್ರತಿ ಗರ್ಭಿಣಿಗೂ ಬಸಿರಿನ ಮೊದಲ ತಿಂಗಳುಗಳಲ್ಲೇ ಒಂದು ಕಲ್ಚರ್ ಆಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ, ಬೇಕಾದದ್ದು ಹಣ ಮತ್ತು ಹಟ. ನೂರಕ್ಕೆ 81 ಇದ್ದದ್ದು 63ಕ್ಕೆ ಇಳಿಯಲು ಆರು ವರ್ಷ ಸಾಕಾಯಿತು. ಇನ್ನೊಂದು ಆರು ವರ್ಷ ನಾವು ಸುಮ್ಮನೆ ಕಳೆದರೆ, ಈಗ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಸಿದ ಮೇಲೂ ರಿಪೋರ್ಟಿನಲ್ಲಿ ಬರೆಯಲು ಕೆಲಸ ಮಾಡುವ ಔಷಧದ ಹೆಸರು ಉಳಿದಿರಬೇಕಲ್ಲ.